ಎಲೆಕ್ಟ್ರಾನ್ ಜಾಸ್ತಿಯಾದರೂ ಪರಮಾಣು ಸಣ್ಣದಾಗುವುದು ಯಾಕೆ? ಆವರ್ತ ಕೋಷ್ಟಕವನ್ನು ಹೀಗೆ ಕಲಿಸಬಹುದು

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: "ಮಾಷ್ಟ್ರೇ, ಎಡದಿಂದ ಬಲಕ್ಕೆ ಹೋಗುವಾಗ ಎಲೆಕ್ಟ್ರಾನ್ ಜಾಸ್ತಿ ಆಗ್ತದೆ. ಹಾಗಾದ್ರೆ ಪರಮಾಣು ದೊಡ್ಡದಾಗ್ಬೇಕಲ್ವಾ? ಸಣ್ಣದಾಗೋದು ಹೇಗೆ?"

ನಾನು ಆಗಷ್ಟೇ ಬೋರ್ಡಿನಲ್ಲಿ ಎರಡು ಬಾಣ ಬರೆದಿದ್ದೆ. ಅಡ್ಡಕ್ಕೊಂದು, ಕೆಳಕ್ಕೊಂದು: ಕೋಷ್ಟಕದಲ್ಲಿ ಬಲಕ್ಕೆ ಹೋದರೆ ಪರಮಾಣು ಸಣ್ಣದು, ಕೆಳಕ್ಕೆ ಇಳಿದರೆ ದೊಡ್ಡದು. ಉಳಿದ ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡಾಗಿತ್ತು. ಬಾಣದಲ್ಲಿ ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಪಾಠದ ಮುಕ್ಕಾಲು ಪಾಲು ಮುಗಿದ ಹಾಗೆ. ಪರಮಾಣು ಗಾತ್ರ, ಅಯಾನೀಕರಣ ಶಕ್ತಿ, ವಿದ್ಯುದೃಣತೆ, ಲೋಹಗುಣ ಎಂದು ನಾಲ್ಕು ಕಡೆ ನಾಲ್ಕು ಬಾಣ ಬಾಯಿಪಾಠ ಮಾಡುವುದೇ ಬೇಡ. ನಾಲ್ಕೂ ಒಂದೇ ಎಳೆದಾಟದಿಂದ ಬರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಈಗ ಕಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಐದಾರು ಪೀರಿಯಡ್ ಬೇಕಾಗುತ್ತದೆ. ಎಂಟು, ಒಂಬತ್ತು, ಹತ್ತು, ಯಾವ ತರಗತಿಗಾದರೂ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಂಡು ಬಳಸಬಹುದು.

ಮೊದಲು ಪದಗಳನ್ನು ಬಿಡಿಸಿ

ನಮ್ಮ ಮಕ್ಕಳ ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಹೀಗೆ ಒಂದೊಂದು ಮಾತು. ಪುಸ್ತಕದಲ್ಲಿ ಕನ್ನಡ. ಎಸ್ಸೆಸ್ಸೆಲ್ಸಿ ಮುಗಿಸಿ ಇಲ್ಲೇ ಪ್ಲಸ್ ವನ್ ಸೇರಿದರೂ, ಮಂಗಳೂರು ಪುತ್ತೂರಿನ ಕಡೆ ಪಿಯುಸಿಗೆ ಹೋದರೂ, ಕೆಮಿಸ್ಟ್ರಿ ಇಂಗ್ಲಿಷಿಗೆ ತಿರುಗುತ್ತದೆ. ಒಳ್ಳೆ ಮಾರ್ಕು ತೆಗೆದ ಮಕ್ಕಳೇ ಅಲ್ಲಿ ಮೊದಲ ಎರಡು ತಿಂಗಳು ಮಂಕಾಗುವುದನ್ನು ನೋಡಿದ್ದೇನೆ. ಗೊತ್ತಿಲ್ಲದ ವಿಷಯ ಏನೂ ಇರುವುದಿಲ್ಲ. ಹೆಸರು ಬದಲಾಗಿರುತ್ತದೆ, ಅಷ್ಟೇ.

ಹಾಗಾಗಿ ಗೋಡೆಗೆ ಒಂದು ಚಾರ್ಟ್ ಅಂಟಿಸಿ. ಒಂದು ಸಾಲಿನಲ್ಲಿ ಪುಸ್ತಕದ ಪದ, ಪಕ್ಕದಲ್ಲಿ ಇಂಗ್ಲಿಷ್ ಪದ, ಅದರ ಪಕ್ಕ ಮಕ್ಕಳೇ ತಮ್ಮ ಮಾತಿನಲ್ಲಿ ಹೇಳಿದ ಅರ್ಥ. ಗುಂಪು, ಗ್ರೂಪ್: ಕೋಷ್ಟಕದ ಕಂಬಸಾಲು. ಆವರ್ತ, ಪೀರಿಯಡ್: ಅಡ್ಡಸಾಲು. ಅಯಾನೀಕರಣ ಶಕ್ತಿ, ಅಯೊನೈಸೇಶನ್ ಎನರ್ಜಿ: "ಹೊರಗಿನ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ."

ವಿದ್ಯುದೃಣತೆ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಿ. ಇದರೊಳಗೆ ಋಣ ಇದೆ. ಋಣ ಎಂದರೆ ಮಕ್ಕಳಿಗೆ ಸಾಲ. "ಎಲೆಕ್ಟ್ರಾನ್ ಸಾಲ ತಗೊಳ್ಳೋದಾ?" ಎಂದು ಕೇಳುತ್ತಾರೆ. ಇಲ್ಲಿ ಋಣ ಎಂದರೆ ಮೈನಸ್ ಎಂದು ಬಿಡಿಸಿ ಹೇಳಿ. ಬಂಧದಲ್ಲಿ ಇಬ್ಬರೂ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿಯನ್ನು ತನ್ನ ಕಡೆಗೆ ಜಾಸ್ತಿ ಎಳೆದುಕೊಂಡ ಪರಮಾಣು ಸ್ವಲ್ಪ ಮೈನಸ್ ಆಗುತ್ತದೆ. ಆ ಎಳೆಯುವ ಗುಣವೇ ವಿದ್ಯುದೃಣತೆ. ಇದನ್ನು ಸಂಖ್ಯೆಯಲ್ಲಿ ಅಳೆಯುವ ಪಟ್ಟಿಯನ್ನು ಲೈನಸ್ ಪೌಲಿಂಗ್ 1932ರಲ್ಲಿ ಕೊಟ್ಟರು. ಅದರಲ್ಲಿ ಫ್ಲೋರಿನ್ ಎಲ್ಲಕ್ಕಿಂತ ಮೇಲೆ, ಸುಮಾರು 4.

ಮದುವೆ ಕಾಗದದ ಕಾರ್ಡು

ಪ್ರತಿ ಮನೆಯಲ್ಲೂ ಹಳೆಯ ಮದುವೆ ಕಾಗದಗಳು ಇರುತ್ತವೆ. ಮಕ್ಕಳು ನಾಲ್ಕು ನಾಲ್ಕು ತರಲಿ. ಬೆನ್ನ ಮೇಲೆ ಒಂದೊಂದು ಧಾತುವಿನ ವಿವರ ಬರೆಸಿ: ಪರಮಾಣು ರಾಶಿ, ಘನವೋ ದ್ರವವೋ ಅನಿಲವೋ, ಲೋಹವೋ ಅಲ್ಲವೋ, ನೀರಿನೊಡನೆ ಹೇಗೆ ವರ್ತಿಸುತ್ತದೆ. ಪರಮಾಣು ಸಂಖ್ಯೆ, ಅಂದರೆ ಪ್ರೋಟಾನುಗಳ ಎಣಿಕೆ, ಬರೆಸಬೇಡಿ. ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ 1869ರಲ್ಲಿ ತನ್ನ ಆವರ್ತ ಕೋಷ್ಟಕ ಮಾಡಿದಾಗ ಅವನ ಕೈಯಲ್ಲೂ ಅದು ಇರಲಿಲ್ಲ. ಪರಮಾಣು ಸಂಖ್ಯೆಯ ಅರ್ಥ ಗಟ್ಟಿಯಾದದ್ದು 1913ರಲ್ಲಿ, ಮೋಸ್ಲಿಯ ಎಕ್ಸ್-ರೇ ಪ್ರಯೋಗಗಳಿಂದ.

ಈಗ ಕಾರ್ಡುಗಳನ್ನು ಬೆಂಚಿನ ಮೇಲೆ ಜೋಡಿಸಲು ಬಿಡಿ. ಅಡಿಕೆ ವಿಂಗಡಿಸಿ ಗೊತ್ತಿರುವ ಮಕ್ಕಳು ಇದರಲ್ಲಿ ಚುರುಕು. ಗಾತ್ರವನ್ನೂ ಗುಣವನ್ನೂ ಒಟ್ಟಿಗೆ ನೋಡಿ ಪಟೋರ, ಉಳ್ಳಿ, ಕೋಕ ಎಂದು ಬೇರೆ ಮಾಡುವುದು ಅವರಿಗೆ ಮನೆಯ ಕೆಲಸ. ಇಲ್ಲೂ ಎರಡು ನೋಡಬೇಕು: ರಾಶಿ ಏರುತ್ತಾ ಹೋಗಬೇಕು, ಗುಣ ಹೋಲುವವು ಒಂದರ ಕೆಳಗೊಂದು ಬರಬೇಕು.

ಬ್ರೋಮಿನ್ ಕಾರ್ಡನ್ನು ಮಾತ್ರ ನೀವು ಜೇಬಿನಲ್ಲಿ ಇಟ್ಟುಕೊಳ್ಳಿ. ಕ್ಲೋರಿನ್ ಮತ್ತು ಅಯೋಡಿನ್ ನಡುವೆ ಜಾಗ ಖಾಲಿ ಬೀಳುತ್ತದೆ. ಅಲ್ಲಿ ಇರಬೇಕಾದದ್ದು ಹೇಗಿರಬಹುದು ಎಂದು ಕೇಳಿ. ಕ್ಲೋರಿನ್ ರಾಶಿ 35.5, ಅಯೋಡಿನ್ 127. ಸರಾಸರಿ ಸುಮಾರು 81. ಕ್ಲೋರಿನ್ ಅನಿಲ, ಅಯೋಡಿನ್ ಘನ, ಹಾಗಾದರೆ ಇದು ದ್ರವ ಇರಬಹುದಾ? ಕುದಿಬಿಂದು ಮೈನಸ್ 34 ಮತ್ತು 184ರ ನಡುವೆ, ಅಂದಾಜು 75 ಡಿಗ್ರಿ. ಎಲ್ಲ ಹೇಳಿದ ಮೇಲೆ ಕಾರ್ಡು ಹೊರಗೆ ತೆಗೆಯಿರಿ. ರಾಶಿ 79.9, ಕೆಂಪು ಕಂದು ದ್ರವ, ಕುದಿಬಿಂದು 59. ಹತ್ತಿರ ಬಂದರು, ಸರಿಯಾಗಿ ಮುಟ್ಟಲಿಲ್ಲ. ಅದೇ ಚೆಂದ. ಇದು ಗುಣಗಳ ಒಲವು, ಗಣಿತದ ಸೂತ್ರದ ಹಾಗೆ ಬಿಗಿ ಇರುವುದಿಲ್ಲ ಎಂದು ಇಲ್ಲೇ ಗೊತ್ತಾಗುತ್ತದೆ.

ಆಮೇಲೆ ಮೆಂಡಲೀವನ ಕಥೆ ಹೇಳಿ. ಅಲ್ಯೂಮಿನಿಯಂ ಕೆಳಗಿನ ಖಾಲಿ ಜಾಗಕ್ಕೆ ಅವನು ಇಟ್ಟ ಹೆಸರು ಏಕ-ಅಲ್ಯೂಮಿನಿಯಂ. ನಮ್ಮ ಏಕ, ಸಂಸ್ಕೃತದ ಏಕ. ಮಕ್ಕಳ ಕಣ್ಣು ಅರಳುತ್ತದೆ. 1875ರಲ್ಲಿ ಆ ಧಾತು ಸಿಕ್ಕಿತು, ಅದೇ ಗ್ಯಾಲಿಯಂ. ಅದು ಕರಗುವುದು 29.8 ಡಿಗ್ರಿಯಲ್ಲಿ. ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಜಿನ ಮೇಲೆ ಇಟ್ಟರೆ ಸುಮ್ನೆ ನೀರಾಗಿ ಬಿಡುತ್ತದೆ.

ತಾಳ ಹಾಕಿಸಿ

ಆವರ್ತ ಎಂಬ ಪದ ನಮ್ಮ ಮಕ್ಕಳಿಗೆ ಹೊಸದಲ್ಲ. ಸಂಗೀತ ಕ್ಲಾಸಿಗೆ ಹೋಗುವವರು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ಆದಿ ತಾಳದ ಒಂದು ಆವರ್ತಕ್ಕೆ ಎಷ್ಟು ಎಣಿಕೆ ಎಂದು ಅವರನ್ನೇ ಕೇಳಿ. ಎಂಟು. ಒಂಬತ್ತನೆಯದು ಪುನಃ ಸಮಕ್ಕೆ ಬೀಳುತ್ತದೆ.

ಈಗ ಇಡೀ ತರಗತಿ ತಾಳ ಹಾಕುತ್ತಾ ಹೇಳಲಿ: ಲಿಥಿಯಂ, ಬೆರಿಲಿಯಂ, ಬೋರಾನ್, ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ನಿಯಾನ್. ಮುಂದಿನ ಪೆಟ್ಟು ಸೋಡಿಯಂ. ಲಿಥಿಯಂ ಬಿದ್ದ ಜಾಗಕ್ಕೇ ಸೋಡಿಯಂ ಬಿತ್ತು. ಇನ್ನೊಂದು ಸುತ್ತು ಮುಗಿದರೆ ಪೊಟಾಸಿಯಂ. ಸಮದ ಮೇಲೆ ಬೀಳುವ ಮೂರೂ ಮೆತ್ತಗಿನ ಲೋಹ, ಮೂರೂ ನೀರಿನೊಡನೆ ವರ್ತಿಸುತ್ತವೆ.

ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ 1865ರಲ್ಲಿ ಇದನ್ನೇ ಸ್ವರಗಳಿಗೆ ಹೋಲಿಸಿದ್ದ. ಆಗ ನಿಯಾನ್, ಆರ್ಗಾನ್ ಸಿಕ್ಕಿರಲಿಲ್ಲ. ಹಾಗಾಗಿ ಅವನಿಗೆ ಎಂಟನೆಯದೇ ಮೊದಲನೆಯದರ ಹಾಗೆ ಕಂಡಿತು, ಸರಿಗಮಪದನಿ ಆದ ಮೇಲೆ ಮೇಲಿನ ಸ ಬಂದ ಹಾಗೆ. 1866ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಅವನು ಇದನ್ನು ಮಂಡಿಸಿದಾಗ, ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ ನೋಡಿದ್ದೀಯಾ ಎಂದು ಒಬ್ಬರು ಕೇಳಿಬಿಟ್ಟರು. 1887ರಲ್ಲಿ ರಾಯಲ್ ಸೊಸೈಟಿ ಅವನಿಗೆ ಡೇವಿ ಪದಕ ಕೊಟ್ಟಿತು.

ಎಲ್ಲ ಆವರ್ತಕ್ಕೂ ಎಂಟೇ ಇರುವುದಿಲ್ಲ ಎಂದೂ ಹೇಳಿಬಿಡಿ. 2, 8, 8, 18, 18, 32, 32. ಒಟ್ಟು 118.

ಆಟದ ಬೆಳಕು

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಅವಸರ ಮಾಡಬೇಡಿ. ಒಂದು ಇಡೀ ಪೀರಿಯಡ್ ಹೋದರೂ ಹೋಗಲಿ.

ಮೊದಲು ನಾನು ಇದನ್ನು ಅಂಗಳದಲ್ಲಿ ಆಡಿಸುತ್ತಿದ್ದೆ. ನಡುವಿನಲ್ಲಿ ಪ್ರೋಟಾನ್ ಮಕ್ಕಳು, ಸುತ್ತ ಎಲೆಕ್ಟ್ರಾನ್ ಮಕ್ಕಳು, ಒಬ್ಬೊಬ್ಬರು ಒಬ್ಬೊಬ್ಬರ ಕೈ ಹಿಡಿಯುವುದು. ನೋಡಲು ಚೆನ್ನಾಗಿತ್ತು. ಆದರೆ ಮಕ್ಕಳು ತಪ್ಪು ಕಲಿತರು. "ಫ್ಲೋರಿನ್‌ನಲ್ಲಿ ಒಂಬತ್ತು ಪ್ರೋಟಾನ್, ಒಂಬತ್ತು ಎಲೆಕ್ಟ್ರಾನ್. ಒಬ್ಬರಿಗೆ ಒಂದೇ ಬಂತಲ್ವಾ? ಲಿಥಿಯಂನಲ್ಲೂ ಒಂದೇ. ಮತ್ತೆ ಫ್ಲೋರಿನ್ ಯಾಕೆ ಸಣ್ಣದು?" ಎಳೆತವನ್ನು ಅವರು ಕಜ್ಜಾಯದ ಹಾಗೆ ಪಾಲು ಮಾಡಿ ಹಂಚಿಬಿಟ್ಟಿದ್ದರು. ನಾನೇ ಕೈ ಹಿಡಿಸಿ ಆ ತಪ್ಪನ್ನು ಗಟ್ಟಿ ಮಾಡಿದ್ದೆ. ಆ ಆಟವನ್ನು ಬಿಟ್ಟೆ.

ಈಗ ಹೇಳುವುದು ಯಕ್ಷಗಾನ ಬಯಲಾಟದ ಉದಾಹರಣೆ. ಗದ್ದೆಯಲ್ಲಿ ರಂಗಸ್ಥಳ, ಅದಕ್ಕೆ ದೀಪ. ಒಂದು ದೀಪ ಇದ್ದರೆ ಒಂದು ದೀಪದ ಬೆಳಕು. ಏಳು ದೀಪ ಇದ್ದರೆ ಏಳು ದೀಪದ ಬೆಳಕು. ನೋಡಲು ಒಬ್ಬ ಕೂತರೂ ಏಳು ಮಂದಿ ಕೂತರೂ ಬೆಳಕು ಪಾಲಾಗುವುದಿಲ್ಲ. ಏಳೂ ದೀಪದ ಬೆಳಕು ಏಳೂ ಮಂದಿಗೆ ಪೂರ್ತಿ ಸಿಗುತ್ತದೆ. ಪ್ರೋಟಾನುಗಳೇ ದೀಪ. ಅವು ಇರುವ ನಡುಭಾಗ, ಅಂದರೆ ನ್ಯೂಕ್ಲಿಯಸ್ಸಿನ ಎಳೆತ ಹೀಗೆ. ಇನ್ನೊಂದು ಎಲೆಕ್ಟ್ರಾನ್ ಬಂದು ಪಕ್ಕದಲ್ಲಿ ಕೂತಿತು ಎಂದು ಅದು ಪಾಲಾಗಿ ಹೋಗುವುದಿಲ್ಲ.

ಎರಡನೆಯದು, ಅಡ್ಡ ಬರುವವರು. ಮುಂದಿನ ಸಾಲಿನವರ ತಲೆ ಹಿಂದಿನವರಿಗೆ ಅಡ್ಡ. ಪಕ್ಕದಲ್ಲಿ ಕೂತವರು ಅಷ್ಟಾಗಿ ಅಡ್ಡ ಬರುವುದಿಲ್ಲ. ಪರಮಾಣುವಿನಲ್ಲಿ ಸಾಲು ಎಂದರೆ ಕವಚ, ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನುಗಳ ಪದರ. ಅಲ್ಲೂ ಒಳಗಿನ ಕವಚದ ಎಲೆಕ್ಟ್ರಾನುಗಳು ಹೊರಗಿನವಕ್ಕೆ ದೊಡ್ಡ ಮರೆ, ಅದೇ ಕವಚದ ಎಲೆಕ್ಟ್ರಾನುಗಳು ಸಣ್ಣ ಮರೆ.

ಮೂರನೆಯದು ದೂರ. ಹಿಂದಿನ ಸಾಲಿನಲ್ಲಿ ಕೂತವನಿಗೆ ವೇಷ ಸರಿಯಾಗಿ ಕಾಣುವುದಿಲ್ಲ. ಚರುಂಬುರಿ ಗಾಡಿಯ ಕಡೆಗೆ ಮೊದಲು ಎದ್ದು ಹೋಗುವವನು ಅವನೇ.

ದೀಪ ಎಷ್ಟು, ಮರೆ ಎಷ್ಟು, ಸಾಲು ಎಷ್ಟನೆಯದು. ಇಡೀ ಪಾಠದಲ್ಲಿ ಮಕ್ಕಳು ಕೇಳಿಕೊಳ್ಳಬೇಕಾದದ್ದು ಈ ಮೂರೇ ಪ್ರಶ್ನೆ. ಹೋಲಿಕೆಗೆ ಒಂದು ಗಡಿಯೂ ಇದೆ, ಅದನ್ನು ಮಕ್ಕಳಿಗೆ ತಿಳಿಸಿ. ಎಲೆಕ್ಟ್ರಾನ್ ಸಾಲಾಗಿ ಕುಳಿತಿರುವುದಿಲ್ಲ. ಒಳಗಿನವು ಹೊರಗಿನವನ್ನು ದೂಡುತ್ತವೆ, ಹಾಗಾಗಿ ಎಳೆತ ಕಡಿಮೆಯಾಗುತ್ತದೆ.

ಕಳೆಯುವ ಲೆಕ್ಕ

ಈಗ ಬೋರ್ಡಿಗೆ ಬನ್ನಿ. ಪ್ರೋಟಾನ್ ಸಂಖ್ಯೆಯಿಂದ ಒಳ ಕವಚಗಳ ಎಲೆಕ್ಟ್ರಾನ್ ಸಂಖ್ಯೆ ಕಳೆಯಿರಿ. ಉಳಿದದ್ದು ಹೊರಗಿನವಕ್ಕೆ ಕಾಣುವ ದೀಪ.

ಲಿಥಿಯಂ: 3ರಲ್ಲಿ 2 ಹೋದರೆ 1. ಬೆರಿಲಿಯಂ 2. ಬೋರಾನ್ 3. ಹೀಗೆ ಏರಿ ಫ್ಲೋರಿನ್‌ಗೆ 9ರಲ್ಲಿ 2 ಹೋಗಿ 7. ಸಾಲು ಎಲ್ಲರಿಗೂ ಎರಡನೆಯದೇ. ದೀಪ ಮಾತ್ರ ಒಂದರಿಂದ ಏಳಕ್ಕೆ ಏರಿತು. ಹಾಗಾದರೆ ಎಲೆಕ್ಟ್ರಾನುಗಳು ಹತ್ತಿರ ಸರಿಯಬೇಕು. ಪುಸ್ತಕದ ತ್ರಿಜ್ಯಗಳನ್ನು ಪಿಕೋಮೀಟರಿನಲ್ಲಿ ಬರೆಯಿರಿ: 152, 111, 88, 77, 74, 66, 64. ಮಕ್ಕಳು ಹೇಳಿದ್ದೇ ಸರಿ ಎಂದು ಸಂಖ್ಯೆ ಹೇಳುತ್ತದೆ. ಆ ಕ್ಷಣಕ್ಕಾಗಿಯೇ ಸಂಖ್ಯೆಯನ್ನು ಮೊದಲು ತೋರಿಸದೆ ಇಟ್ಟುಕೊಳ್ಳಬೇಕು.

ಕೆಳಕ್ಕೆ ಇಳಿಯುವಾಗ ಲಿಥಿಯಂ 1, ಸೋಡಿಯಂ 11ರಲ್ಲಿ 10 ಹೋಗಿ 1, ಪೊಟಾಸಿಯಂ 19ರಲ್ಲಿ 18 ಹೋಗಿ 1. ದೀಪ ಒಂದೇ. ಸಾಲು ಮಾತ್ರ ಎರಡು, ಮೂರು, ನಾಲ್ಕು. ತ್ರಿಜ್ಯ 152, 186, 231. ಬೇರೆ ಪುಸ್ತಕದಲ್ಲಿ ಪೊಟಾಸಿಯಂಗೆ 227 ಎಂದು ಕಂಡರೆ ಗಾಬರಿ ಬೇಡ. ಅಳೆಯುವ ಕ್ರಮ ಬೇರೆಯಾದರೆ ಸಂಖ್ಯೆ ಸ್ವಲ್ಪ ಬದಲಾಗುತ್ತದೆ, ಏರುವ ಕ್ರಮ ಬದಲಾಗುವುದಿಲ್ಲ. ನಿಯಾನ್, ಆರ್ಗಾನ್‌ನಂಥ ಜಡಾನಿಲಗಳ ತ್ರಿಜ್ಯವನ್ನು ಈ ಸಾಲಿಗೆ ಸೇರಿಸಬೇಡಿ. ಅವನ್ನು ಅಳೆಯುವ ರೀತಿಯೇ ಬೇರೆ. ಈ ಲೆಕ್ಕ ಮುಖ್ಯ ಗುಂಪುಗಳಿಗೆ ಮಾತ್ರ. ನಡುವಿನ ಸಂಕ್ರಮಣ ಧಾತುಗಳಿಗೆ ಹಚ್ಚಲು ಹೋದರೆ ದಾರಿ ತಪ್ಪುತ್ತದೆ.

"ಭಾರ ಜಾಸ್ತಿ ಇದ್ದರೆ ಗಾತ್ರವೂ ಜಾಸ್ತಿ" ಎಂಬ ನಂಬಿಕೆ ಇನ್ನೂ ಕೆಲವರಲ್ಲಿ ಉಳಿದಿರುತ್ತದೆ. ಸೋಡಿಯಂ ರಾಶಿ 23, ತ್ರಿಜ್ಯ 186. ಕ್ಲೋರಿನ್ ರಾಶಿ 35.5, ತ್ರಿಜ್ಯ 99. ಇಷ್ಟು ಬರೆದು ಸುಮ್ಮನೆ ನಿಲ್ಲಿ. ಅವರೇ ಮಾತಾಡಲಿ.

ಗ್ರಾಫಿನಲ್ಲಿ ಅದೇ ತಾಳ

ಗ್ರಾಫ್ ಹಾಳೆ ಕೊಡಿ. ಅಡ್ಡಕ್ಕೆ ಪರಮಾಣು ಸಂಖ್ಯೆ 1ರಿಂದ 20. ನಿಲುವಿಗೆ ಮೊದಲ ಅಯಾನೀಕರಣ ಶಕ್ತಿ, ಮೋಲಿಗೆ ಇಷ್ಟು ಕಿಲೋಜೂಲ್ ಎಂದು. ಕ್ರಮವಾಗಿ: 1312, 2372, 520, 899, 801, 1086, 1402, 1314, 1681, 2081, 496, 738, 578, 787, 1012, 1000, 1251, 1521, 419, 590.

ಚುಕ್ಕೆ ಸೇರಿಸಿದರೆ ಗುಡ್ಡ ಕಣಿವೆ ಕಾಣುತ್ತದೆ. ಶಿಖರದಲ್ಲಿ ಹೀಲಿಯಂ, ನಿಯಾನ್, ಆರ್ಗಾನ್. ಆಳದ ಕಣಿವೆಯಲ್ಲಿ 3, 11, 19. ಎಂಟೆಂಟರ ಅಂತರ. ಮೊನ್ನೆ ತಾಳ ಹಾಕಿದಾಗ ಸಮಕ್ಕೆ ಬಿದ್ದ ಧಾತುಗಳು ಇವೇ ಅಲ್ವಾ? ಇದನ್ನು ನೀವು ಹೇಳಬೇಡಿ. ಯಾರಾದರೂ ಒಬ್ಬರು ಹೇಳುವವರೆಗೆ ಕಾಯಿರಿ.

ಬೋರಾನ್ ಮತ್ತು ಆಕ್ಸಿಜನ್ ಹತ್ತಿರ ಗೆರೆ ಸ್ವಲ್ಪ ಕೆಳಗೆ ಇಳಿಯುತ್ತದೆ. ಚುರುಕು ಮಕ್ಕಳು ಕೇಳಿಯೇ ಕೇಳುತ್ತಾರೆ. "ಅದು ಸಿಲೆಬಸ್‌ನಲ್ಲಿ ಇಲ್ಲ" ಎಂದು ದಯವಿಟ್ಟು ಹೇಳಬೇಡಿ. ಉಪಕವಚ ಕಲಿತ ಹತ್ತನೇ ತರಗತಿಗಾದರೆ ಉತ್ತರ ಎರಡು ಮಾತು. ಬೋರಾನ್‌ನ ಕೊನೆಯ ಎಲೆಕ್ಟ್ರಾನ್ ಪಿ ಉಪಕವಚದಲ್ಲಿದೆ, ಅದನ್ನು ತೆಗೆಯುವುದು ಎಸ್‌ನದ್ದಕ್ಕಿಂತ ಸುಲಭ. ಆಕ್ಸಿಜನ್‌ನಲ್ಲಿ ಎರಡು ಎಲೆಕ್ಟ್ರಾನ್ ಒಂದೇ ಕೋಣೆಯಲ್ಲಿ ಜೊತೆಯಾಗಿ ಒಂದನ್ನೊಂದು ದೂಡುತ್ತವೆ. ಒಂಬತ್ತರವರಿಗೆ "ಒಂದು ಕವಚದ ಒಳಗೂ ಸಣ್ಣ ಸಣ್ಣ ಮೆಟ್ಟಿಲು ಇವೆ, ಮುಂದಿನ ವರ್ಷ ನೋಡೋಣ" ಎಂದರೆ ಸಾಕು.

ಕೈಯಲ್ಲಿ ಮಾಡಿ ನೋಡುವುದು

ಎಲ್ಲರೂ ಸೋಡಿಯಂ ತೋರಿಸಲು ಹೊರಡುತ್ತಾರೆ. ನನ್ನ ಸಲಹೆ: ಮೊದಲು ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ. ಎರಡು ಪ್ರನಾಳದಲ್ಲಿ ತಣ್ಣೀರು, ಎರಡಕ್ಕೂ ಒಂದೆರಡು ಹನಿ ಫಿನಾಲ್ಫ್ತಲೀನ್ (ಪ್ರತ್ಯಾಮ್ಲ ಸಿಕ್ಕಿದರೆ ಗುಲಾಬಿಯಾಗುವ ಸೂಚಕ). ಒಂದಕ್ಕೆ ಉಜ್ಜಿ ಹೊಳಪು ಮಾಡಿದ ಮೆಗ್ನೀಸಿಯಂ ಪಟ್ಟಿ, ಇನ್ನೊಂದಕ್ಕೆ ಸಣ್ಣ ಕ್ಯಾಲ್ಸಿಯಂ ಚೂರು. ಕ್ಯಾಲ್ಸಿಯಂ ಕೂಡಲೇ ಗುಳ್ಳೆ ಬಿಟ್ಟು ನೀರು ಗುಲಾಬಿಯಾಗುತ್ತದೆ. ಮೆಗ್ನೀಸಿಯಂ ತಣ್ಣೀರಿನಲ್ಲಿ ಏನೂ ಆಗದ ಹಾಗೆ ಕೂತಿರುತ್ತದೆ. ಬಿಸಿನೀರಿಗೆ ಹಾಕಿದರೆ ಪಟ್ಟಿಯ ಸುತ್ತ ಮೆಲ್ಲನೆ ಗುಲಾಬಿ ಬರುತ್ತದೆ. ಒಂದೇ ಗುಂಪು, ಒಂದು ಸಾಲಿನ ಅಂತರ. ಗ್ರಾಫಿನಲ್ಲಿ 738 ಮತ್ತು 590 ಹುಡುಕಲು ಹೇಳಿ.

ಸೋಡಿಯಂ ತೋರಿಸುವುದಾದರೆ ಶಿಕ್ಷಕರೇ ತೋರಿಸಬೇಕು. ಅಕ್ಕಿಕಾಳಿನಷ್ಟು ಚೂರು, ಅಗಲದ ತೊಟ್ಟಿ, ಕಣ್ಣಿಗೆ ಕನ್ನಡಕ, ಮಕ್ಕಳು ದೂರ. ಒಮ್ಮೆ ಸ್ವಲ್ಪ ದೊಡ್ಡ ಚೂರು ಹಾಕಿ ಅದು ಸಿಡಿದು ಗಾಜಿನ ತೊಟ್ಟಿ ಬಿರುಕು ಬಿಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಸದ್ದು ಇನ್ನೂ ನೆನಪಿದೆ. ಉಳಿದ ಚೂರನ್ನು ಸಿಂಕಿಗೆ ಹಾಕಬೇಡಿ, ಸೀಮೆಎಣ್ಣೆಗೇ ಹಾಕಿ. ಪೊಟಾಸಿಯಂ ಶಾಲೆಯಲ್ಲಿ ಬೇಡವೇ ಬೇಡ.

ಅಲ್ಯೂಮಿನಿಯಂ ನೀರಿನೊಡನೆ ಸುಮ್ಮನಿರುವುದಕ್ಕೆ ಮುಖ್ಯ ಕಾರಣ ಮೇಲಿನ ಆಕ್ಸೈಡ್ ಪದರ. ಅದನ್ನು ಹೇಳದಿದ್ದರೆ ಮಕ್ಕಳು ಬೇರೆ ಏನೋ ಊಹಿಸಿಕೊಳ್ಳುತ್ತಾರೆ.

ಬಲಗಡೆಯ ಹ್ಯಾಲೋಜನ್‌ಗಳಲ್ಲಿ, ಅಂದರೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇರುವ ಗುಂಪಿನಲ್ಲಿ, ಕಥೆ ತಿರುಗುತ್ತದೆ. ಲೋಹದಲ್ಲಿ ಕೆಳಗಿನದು ಜೋರು, ಇಲ್ಲಿ ಮೇಲಿನದು ಜೋರು. ಮಕ್ಕಳು ಇಲ್ಲೇ ಗೊಂದಲವಾಗುವುದು. ದೀಪ, ಮರೆ, ಸಾಲು ಎಂದು ಪುನಃ ಕೇಳಿ. ಲೋಹದ ಕೆಲಸ ಎಲೆಕ್ಟ್ರಾನ್ ಬಿಡುವುದು, ಅದಕ್ಕೆ ದೂರ ಇದ್ದರೆ ಸುಲಭ. ಹ್ಯಾಲೋಜನ್ ಕೆಲಸ ಎಳೆದುಕೊಳ್ಳುವುದು, ಅದಕ್ಕೆ ಹತ್ತಿರ ಇದ್ದರೆ ಸುಲಭ.

ಲ್ಯಾಬಿನಲ್ಲಿ ಕ್ಲೋರಿನ್ ನೀರು ಇದ್ದರೆ ಒಂದು ಚೆಂದದ ಪ್ರಯೋಗ ಇದೆ. ಪೊಟಾಸಿಯಂ ಅಯೋಡೈಡ್ ದ್ರಾವಣಕ್ಕೆ ಕುಚ್ಚಲಕ್ಕಿ ಗಂಜಿಯ ತಿಳಿ ಸ್ವಲ್ಪ ಸೇರಿಸಿ. ಅದಕ್ಕೆ ಎರಡು ಮೂರು ಹನಿ ಕ್ಲೋರಿನ್ ನೀರು. ಕ್ಲೋರಿನ್ ಅಯೋಡಿನನ್ನು ಹೊರಗೆ ತಳ್ಳುತ್ತದೆ, ಗಂಜಿ ಕಡುನೀಲಿಯಾಗುತ್ತದೆ. ಕ್ಲೋರಿನ್ ಜಾಸ್ತಿ ಹಾಕಿದರೆ ಬಣ್ಣ ಹೋಗಿಬಿಡುತ್ತದೆ. ಕಿಟಕಿ ತೆರೆದಿರಲಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿಗೆ ಆಸಿಡ್ ಹಾಕಿ ಕ್ಲೋರಿನ್ ಮಾಡಲು ಮಾತ್ರ ಯಾರೂ ಹೋಗಬೇಡಿ. ವಿಷದ ಅನಿಲ ಅದು.

ಆಕ್ಸೈಡುಗಳ ಒಲವಿಗೆ ಖರ್ಚೇ ಇಲ್ಲ. ಆರತಿಗೆ ಕುರ್ದಿ ನೀರು ಮಾಡುವುದು ಎಲ್ಲರೂ ಕಂಡದ್ದೇ: ಅರಶಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಸುಣ್ಣ ಎಡಗಡೆಯ ಕ್ಯಾಲ್ಸಿಯಂನದ್ದು, ಪ್ರತ್ಯಾಮ್ಲ. ಅಂಗಡಿಯ ಸೋಡಾದಲ್ಲಿ ಕರಗಿರುವುದು ಬಲಗಡೆಯ ಕಾರ್ಬನ್‌ನ ಆಕ್ಸೈಡ್. ನೀಲಿ ಲಿಟ್ಮಸ್ ಅದ್ದಿದರೆ ಕೆಂಪಿನ ಕಡೆ ತಿರುಗುತ್ತದೆ, ಆಮ್ಲ.

ಅಯಾನಿನ ಗಾತ್ರ

ಒಂದು ಅರ್ಧ ಪೀರಿಯಡ್ ಸಾಕು. ಎಲೆಕ್ಟ್ರಾನ್ ಬಿಟ್ಟ ಅಥವಾ ಪಡೆದ ಪರಮಾಣುವೇ ಅಯಾನು. ಸೋಡಿಯಂ 186, ಒಂದು ಎಲೆಕ್ಟ್ರಾನ್ ಹೋದರೆ 102. ಹಿಂದಿನ ಸಾಲೇ ಖಾಲಿಯಾಯಿತು. ಕ್ಲೋರಿನ್ 99, ಒಂದು ಬಂದರೆ 181. ಪಕ್ಕದವರ ದೂಡಾಟ ಹೆಚ್ಚಾಯಿತು. ಊಟದ ಉಪ್ಪಿನಲ್ಲಿ ಸೋಡಿಯಂ ಸಣ್ಣದು, ಕ್ಲೋರೈಡ್ ದೊಡ್ಡದು ಎಂದರೆ ಮಕ್ಕಳಿಗೆ ಆಶ್ಚರ್ಯ.

ಆಮೇಲೆ ಹತ್ತು ಎಲೆಕ್ಟ್ರಾನ್ ಇರುವ ನಾಲ್ಕು ಅಯಾನು ಕೊಡಿ: ಆಕ್ಸೈಡ್ 140, ಫ್ಲೋರೈಡ್ 133, ಸೋಡಿಯಂ 102, ಮೆಗ್ನೀಸಿಯಂ 72. ಪ್ರೇಕ್ಷಕರು ಅಷ್ಟೇ, ಒಟ್ಟು ದೀಪ (ಪ್ರೋಟಾನ್) ಮಾತ್ರ 8, 9, 11, 12. ಆ ಹುಡುಗಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಪರೀಕ್ಷೆಗೆ ಪ್ರಶ್ನೆ ಹಾಕುವಾಗ

"ಎಡದಿಂದ ಬಲಕ್ಕೆ ಪರಮಾಣು ಗಾತ್ರ ಏನಾಗುತ್ತದೆ?" ಎಂದು ಕೇಳಬೇಡಿ. ಅದಕ್ಕೆ ಬಾಣ ಸಾಕು. "ಮೆಗ್ನೀಸಿಯಂ ಮತ್ತು ಸಲ್ಫರ್‌ನಲ್ಲಿ ಯಾವುದು ದೊಡ್ಡದು? ದೀಪ, ಮರೆ, ಸಾಲು ಮೂರನ್ನೂ ಹೇಳಿ ಕಾರಣ ಬರೆಯಿರಿ" ಎಂದು ಕೇಳಿ. ಉತ್ತರಕ್ಕೆ ಒಂದು ಮಾರ್ಕು, ಕಾರಣಕ್ಕೆ ಎರಡು. ಪಬ್ಲಿಕ್ ಪರೀಕ್ಷೆಯಲ್ಲಿ ಮಾತ್ರ "ದೀಪ" ಎಂದು ಬರೆಯದೆ "ನ್ಯೂಕ್ಲಿಯಸ್ಸಿನ ಆಕರ್ಷಣೆ" ಎಂದೇ ಬರೆಯಬೇಕು ಎಂದು ಮೊದಲೇ ಎಚ್ಚರಿಸಿ.

ಕೊನೆಗೆ ಒಂದು ಪ್ರಶ್ನೆಯನ್ನು ಮನೆಗೆ ಕೊಟ್ಟು ಕಳಿಸಿ. ಲಿಥಿಯಂ ಮತ್ತು ಮೆಗ್ನೀಸಿಯಂ. ಒಂದು ಸಾಲು ಕೆಳಗೆ ಇಳಿದರೆ ದೊಡ್ಡದಾಗಬೇಕು, ಒಂದು ಮನೆ ಬಲಕ್ಕೆ ಸರಿದರೆ ಸಣ್ಣದಾಗಬೇಕು. ಎರಡೂ ಒಟ್ಟಿಗೆ ಆದರೆ? ತರಗತಿ ಎರಡು ಪಂಗಡವಾಗಿ ಜಗಳ ಮಾಡುತ್ತದೆ, ಮಾಡಲಿ. ಮರುದಿನ ಸಂಖ್ಯೆ ಬರೆಯಿರಿ: 152, 160. ಸ್ವಲ್ಪವೇ ವ್ಯತ್ಯಾಸ. ಲಿಥಿಯಂ ತನ್ನ ಗುಂಪಿನ ಉಳಿದ ಲೋಹಗಳ ಹಾಗಿರದೆ, ಮೆಗ್ನೀಸಿಯಂನ ಹಾಗೆ ನೈಟ್ರೋಜನ್ ಜೊತೆಗೂ ನೇರ ಸೇರುತ್ತದೆ ಎಂದು ಆಗ ಹೇಳಿ. "ಯಾಕೆ ಮಾಷ್ಟ್ರೇ?" ಎಂದು ಯಾರಾದರೂ ಕೇಳಿದರೆ ಚಾಕ್‌ಪೀಸ್ ಅವರ ಕೈಗೆ ಕೊಡಿ.